ಚಟ್ನಿ ಬಕೆಟ್ಟಿನ ಆಟದಾಳು

ಬೆಳಗಾಗದೆ ಮದುವೆ ಇಲ್ಲ, ರಾತ್ರಿಯಾಗದೆ ಬೆಳಗಿಲ್ಲ, ಹಾಸಿನ ಆಟ ಮುಗಿಯದೆ ನಮ್ಮೂರಲ್ಲಿ ಶನಿವಾರದ ರಾತ್ರಿ ಇಲ್ಲ. ಇದು ತೊಟ್ಟಿಲ ಮಕ್ಕಳಿಗೂ ಗೊತ್ತು. ಗೊತ್ತಿದ್ದೂ ಅಪ್ಪ ನಮ್ಮಕ್ಕ ವಾರಿಜಳ ಮದುವೆಯನ್ನು ಭಾನುವಾರದ ಬೆಳಗಿನ ಮುಹೂರ್ತಕ್ಕೆ ಇಟ್ಟುಕೊಂಡರು. "ಆಡೋ ಐದೂ ಜನ ಗಟ್ಟಿಯಾಗಿದ್ದಾರೆ. ಲೋಟದ ಕಾಫಿ ಆರೋದ್ರೊಳಗೆ ಆಟ ಮುಗಿಸ್ತಾರೆ ಬಿಡು" ಅಂದರು. ಅಮ್ಮ ಅಡುಗೆಯವರು ಹೇಳಿದ್ದಕ್ಕಿಂತ ಒಂದು ಚೀಲ ತೆಂಗಿನಕಾಯಿ ಜಾಸ್ತಿ ತರಿಸಿದಳು, ಅಷ್ಟೆ.

ಶನಿವಾರ ಸಂಜೆ ಸೂರ್ಯ ನೀರಿನ ಟ್ಯಾಂಕಿನ ಹೆಗಲ ಮೇಲೆ ಬಂದು ಕೂರುತ್ತಾನೆ. ಅಷ್ಟು ಹೊತ್ತಿಗೆ ಹಿಟ್ಟಿನ ಗಿರಣಿಯ ಜಗಲಿಯ ಮೇಲೆ ಹಾಸು ಬಿಚ್ಚಿರುತ್ತದೆ. ಅದರ ಸುತ್ತ ಐದು ಮಣೆ, ಮಣೆಗೊಬ್ಬರಂತೆ ಐದು ಜನ. ಗಿರಣಿಯ ಯಜಮಾನರಾದ ರಾಚಪ್ಪನವರು ಕಥೆ ಹೇಳುತ್ತಾರೆ: ಮುಂದೆ ಕಾಡು ಬಂತು, ಕಾಡಿನಲ್ಲಿ ಹೊಳೆ ಬಂತು, ಹೊಳೆ ದಾಟೋಕೆ ಸಂಕ ಇಲ್ಲ, ಈಗೇನು ಮಾಡ್ತೀರಿ? ಕೂತ ಐವರಿಗೂ ಒಬ್ಬೊಬ್ಬ ಆಟದಾಳು ಇರುತ್ತಾನೆ. ನನ್ನವನು ಈಜುತ್ತಾನೆ, ನನ್ನವಳು ಮರ ಕಡಿಯುತ್ತಾಳೆ ಎಂದು ಅವರು ಹೇಳುತ್ತಾರೆ. ಆಗುತ್ತೋ ಇಲ್ಲವೋ ಎನ್ನುವುದಕ್ಕೆ ಕವಡೆ ಇದೆ. ಅಂಗಾತ ಬಿದ್ದಷ್ಟೂ ಒಳ್ಳೆಯದು. ಎಲ್ಲವೂ ಕವುಚಿ ಬಿದ್ದರೆ ಆ ಆಟದಾಳಿನ ಆಯುಸ್ಸು ಅಲ್ಲಿಗೆ ಮುಗಿಯಿತು. ಕಥೆ ಒಂದು ದಡ ಸೇರಿದ ಮೇಲೆ ರಾಚಪ್ಪನವರು ಹಾಸು ಮಡಚುತ್ತಾರೆ, ಸೂರ್ಯ ಟ್ಯಾಂಕಿನ ಹಿಂದೆ ಇಳಿಯುತ್ತಾನೆ. ಅಲ್ಲಿಯವರೆಗೆ ಅವನೂ ಕಥೆ ಕೇಳುತ್ತ ಕೂತಿರುತ್ತಾನೆ ಎಂದು ಅಜ್ಜಿ ಹೇಳುತ್ತಾಳೆ.

ಊರು ಇದಕ್ಕೆ ಒಗ್ಗಿಕೊಂಡಿದೆ. ಬೀದಿದೀಪ ಹಾಕುವವನು ಶನಿವಾರ ಸ್ವಿಚ್ಚಿನ ಪಕ್ಕ ಸ್ಟೂಲು ಹಾಕಿಕೊಂಡು ಕೂರುತ್ತಾನೆ. ಹೂವಿನವರು ಅರಳಿದ ಹೂ ತರದೆ ಬರೀ ಮೊಗ್ಗು ತರುತ್ತಾರೆ. ಮನೆಮನೆಯಲ್ಲೂ ಸಂಜೆ ತಿಂಡಿ ಆದ ಮೇಲೆ ಮರುಸಂಜೆ ತಿಂಡಿ ಅಂತ ಇನ್ನೊಂದಿದೆ, ಅದಕ್ಕೆ ಅವಲಕ್ಕಿಯೇ ಆಗಬೇಕು. ಹೊಸದಾಗಿ ಮದುವೆಯಾದವರು ಮಾತ್ರ ಶನಿವಾರವನ್ನು ಬೈದುಕೊಳ್ಳುತ್ತಾರಂತೆ. ಯಾಕೆ ಅಂದರೆ ಅಜ್ಜಿ ನಗುತ್ತಾಳೆಯೇ ಹೊರತು ಹೇಳುವುದಿಲ್ಲ. ಇನ್ನು ಕೋಳಿಗಳು. ಕತ್ತಲು ಯಾವಾಗ ಬೀಳುತ್ತದೆಂದು ಅವಕ್ಕೆ ನಮಗಿಂತ ಮೊದಲೇ ಗೊತ್ತಾಗುತ್ತದೆ, ಗೂಡಿಗೆ ಓಡುತ್ತವೆ. ಹಾಗಾಗಿ ಶನಿವಾರ ಯಾರೂ ಗಡಿಯಾರ ನೋಡುವುದಿಲ್ಲ, ಕೋಳಿ ನೋಡುತ್ತಾರೆ. ನನ್ನ ಡೈರಿಯನ್ನು ಅಚ್ಚು ಮಾಡಿದವರು ಬೇರೆ ಊರಿನವರು. ಶನಿವಾರಕ್ಕೂ ಒಂದೇ ಪುಟ ಕೊಟ್ಟಿದ್ದಾರೆ, ಸಾಲುವುದಿಲ್ಲ.

ನನ್ನ ಹೆಸರು ಮಂದಾಕಿನಿ. ಮನೆಯಲ್ಲಿ ಮಂದಾ. ಬಿ.ಎ. ಮುಗಿಸಿ ಮನೆಯಲ್ಲಿದ್ದೇನೆ. ಮಾತು ಬರುವುದಿಲ್ಲವೆಂದಲ್ಲ, ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ. ಆಮೇಲೆ ಅದನ್ನು ಡೈರಿಗೆ ಹೇಳುತ್ತೇನೆ. ಆದರೆ ಒಂದು ಆಸೆ ಇತ್ತು, ಡೈರಿಗೂ ಪೂರ್ತಿ ಹೇಳದ್ದು. ಜಗಲಿಯ ಆ ಮಣೆಗಳಲ್ಲಿ ಒಂದರ ಮೇಲೆ ಕೂರಬೇಕು. ಚಿಕ್ಕಂದಿನಿಂದ ಅದಕ್ಕೇ ಅಂತ ಶನಿವಾರ ನೋಡಿಕೊಂಡು ರಾಗಿ ಬೀಸಿಸಲು ಹೋಗುತ್ತಿದ್ದೆ. ಹಿಟ್ಟು ಸಿಕ್ಕಿದ ಮೇಲೂ ಡಬ್ಬಿ ತಬ್ಬಿಕೊಂಡು ಗಿರಣಿಯ ಕಿಟಕಿಯಲ್ಲಿ ನಿಂತಿರುತ್ತಿದ್ದೆ.

ಮಣೆಯ ಮೇಲೆ ಕೂರುವುದು ಮಾತ್ರ ಸುಲಭವಲ್ಲ. ಅದಕ್ಕೆ ದಪ್ಪ ಪುಸ್ತಕವಿದೆ. ಹೊಸ ಆಟದಾಳನ್ನು ಹುಟ್ಟಿಸಬೇಕಾದರೆ ಆ ಪುಸ್ತಕದ ಪ್ರಕಾರವೇ ಹುಟ್ಟಿಸಬೇಕು. ಅವನ ಏಳು ತಲೆಮಾರಿನ ಹೆಸರು ಊರ ಮುಂದೆ ಗಟ್ಟಿಯಾಗಿ ಹೇಳಬೇಕು. ಹುಟ್ಟಿದ ನಕ್ಷತ್ರ, ಎತ್ತರ, ದನಿ, ಬಲಗಾಲಿನ ಚಪ್ಪಲಿ, ಎಡಗಾಲಿನ ಚಪ್ಪಲಿ. ಬಿಲ್ಲಿನಿಂದ ಹಿಡಿದು ಬೆಣ್ಣೆ ಕಡೆಯುವವರೆಗೆ ಒಂದೊಂದು ವಿದ್ಯೆಗೂ ಬೇರೆ ಬೇರೆ ಕವಡೆ ಹಾಕಿ ಎಷ್ಟು ಬರುತ್ತದೆಂದು ಗೊತ್ತುಮಾಡಬೇಕು. ಕುದುರೆ ಇದ್ದರೆ ಕುದುರೆಯದೂ ಮೂರು ತಲೆಮಾರು. ಹಿಂದೆ ಟೈಲರ್ ಮೌಲಾ ಸಾಬರ ಆಟದಾಳನ್ನು ಮೊಸಳೆ ನುಂಗಿ, ಅವರು ಹೊಸಬನನ್ನು ಹುಟ್ಟಿಸಬೇಕಾಗಿ ಬಂದಿತ್ತು. ಆ ಸಂಜೆ ಶುರುವಾದಾಗ ನನ್ನ ಮುಂದಿನ ಹಲ್ಲು ಅಲುಗಾಡುತ್ತಿತ್ತು. ಮುಗಿಯುವಷ್ಟರಲ್ಲಿ ಹೊಸ ಹಲ್ಲು ಬಂದಿತ್ತು. ಹಿತ್ತಿಲಿನ ಹೀರೆಕಾಯಿ ಬಲಿತು ಒಣಗಿ, ಅದರಲ್ಲೇ ಅಮ್ಮ ನನ್ನ ಬೆನ್ನುಜ್ಜಿದ್ದಳು. ಅಂದಿನಿಂದ ಹೊಸಬರು ಕೂರುತ್ತೇನೆಂದರೆ ಊರಿಗೂರೇ ಕೈ ಮುಗಿಯುತ್ತದೆ. "ಬೇಡಪ್ಪಾ ತಂದೆ, ನಮಗೆ ನಿದ್ದೆ ಬೇಕು."

ಮನೆಯೊಳಗೆ ಮಾತ್ರ ನಾವು ಮೂವರು, ಅಜ್ಜಿ, ಅಕ್ಕ ಮತ್ತು ನಾನು, ಅವರೆಕಾಯಿ ಸುಲಿಯುತ್ತ ನಮ್ಮದೇ ಒಂದು ಆಟ ಆಡುತ್ತಿದ್ದೆವು. ಕವಡೆಯ ಬದಲು ಅರ್ಧ ಉಜ್ಜಿದ ಹುಣಿಸೆ ಬೀಜ. ನಮ್ಮ ಆಟಕ್ಕೆ ಸೂರ್ಯ ಕಿವಿಗೊಡುತ್ತಿರಲಿಲ್ಲ ಅನ್ನಿ. ಮೊದಮೊದಲು ನಾನೂ ದಪ್ಪ ಪುಸ್ತಕದಂತೆಯೇ ಶುರುಮಾಡಿದ್ದೆ. ಆದರೆ ಅಜ್ಜಿಯನ್ನು ಏಳು ತಲೆಮಾರು ಕೇಳಿದರೆ ಅವಳು ತನ್ನ ತವರಿನ ನಿಜವಾದ ಏಳು ತಲೆಮಾರನ್ನೇ ಹಿಡಿದು, ಯಾರಿಗೆ ಯಾರು ಹೋಳಿಗೆ ಬಡಿಸಲಿಲ್ಲ ಎಂಬಲ್ಲಿಗೆ ಹೋಗಿ ಅಳುತ್ತಿದ್ದಳು. ಆಟ ಅಲ್ಲೇ ನಿಲ್ಲುತ್ತಿತ್ತು. ಹಾಗಾಗಿ ತಲೆಮಾರು ಕಿತ್ತೆ. ನಕ್ಷತ್ರ ಕಿತ್ತೆ. ಚಪ್ಪಲಿ ಕಿತ್ತೆ. ಕಿತ್ತರೂ ಆಟ ನಿಲ್ಲುತ್ತದೆಯೇ ನೋಡುತ್ತ, ಸೊಪ್ಪು ಸೋಸಿದ ಹಾಗೆ ಸೋಸುತ್ತ ಬಂದು ಕಡೆಗೆ ಮೂರು ಪ್ರಶ್ನೆ ಉಳಿದವು. ಏನು ಬರುತ್ತೆ? ಏನು ಬರಲ್ಲ? ಕೈಯಲ್ಲಿ ಏನಿದೆ? ಅಜ್ಜಿ ಒಂದೇ ಉಸಿರಿಗೆ ಹೇಳಿದಳು: "ಆನೆ ಪಳಗಿಸೋಕೆ ಬರುತ್ತೆ, ಸುಮ್ಮನಿರೋಕೆ ಬರಲ್ಲ, ಕೈಯಲ್ಲಿ ಎಲೆಅಡಿಕೆ ಚೀಲ." ಆ ಆಟದಲ್ಲಿ ಅವಳು ಹಾಗೆಯೇ ಎರಡು ರಾಜ್ಯ ಗೆದ್ದಳು.

ಆ ಶನಿವಾರ ಗಂಡಿನ ಕಡೆಯವರ ಬಸ್ಸು ಹೊತ್ತಿಗೆ ಸರಿಯಾಗಿ ಬಂತು. ಗಿರಣಿಯ ಎದುರಿಗೇ ನಮ್ಮ ಮನೆ, ಬೀದಿಯ ಉದ್ದಕ್ಕೂ ಚಪ್ಪರ. ಕಾಲಿಗೆ ನೀರು ಕೊಟ್ಟು, ಪಾನಕ ಕೊಟ್ಟು, ಇಡ್ಲಿಗೆ ಕೂರಿಸಿದೆವು. ಜಗಲಿಯಲ್ಲಿ ಆಟ ಶುರುವಾಗಿತ್ತು. ಅಪ್ಪ ಬೀಗರಿಗೆಲ್ಲ, "ಇನ್ನೇನು, ಮುಗೀತು ಅನ್ನಿ. ಕತ್ತಲಾದ ತಕ್ಷಣ ವರಪೂಜೆ, ಬೆಳಗಾದ ತಕ್ಷಣ ಧಾರೆ" ಎನ್ನುತ್ತ ಓಡಾಡುತ್ತಿದ್ದರು. ಅಷ್ಟರಲ್ಲಿ ಜಗಲಿಯಿಂದ ಬಳೆ ಅಂಗಡಿಯ ಚೆನ್ನಾಜಮ್ಮನ ದನಿ ಕೇಳಿಸಿತು.

"ಅಯ್ಯಯ್ಯೋ! ಗೋವಿಂದಯ್ಯನೋರ ವೀರಬಾಹು ಹೋಗ್ಬಿಟ್ಟ!"

ಗೋವಿಂದಯ್ಯನವರು ಆಸ್ಪತ್ರೆಯಲ್ಲಿ ಕಾಂಪೌಂಡರು. ನಿಜವಾದ ಮೈ ಕಡ್ಡಿಯ ಹಾಗೆ, ಆದರೆ ಅವರ ಆಟದಾಳು ವೀರಬಾಹು ಬೆಟ್ಟದಂಥವನು. ನಾನು ಹುಟ್ಟುವ ಮೊದಲಿನಿಂದಲೂ ಇದ್ದವನು. ಕಥೆಯಲ್ಲಿ ಐವರೂ ಒಂದು ಕೋಟೆಯ ಬಾಗಿಲಿಗೆ ಬಂದಿದ್ದರು. ಬಾಗಿಲಲ್ಲಿ ತಾಳೆಮರದೆತ್ತರದ ಭೂತ, ಅದರ ಕೊರಳಲ್ಲಿ ಬೀಗದ ಕೈ. ವೀರಬಾಹು ತೊಡೆ ತಟ್ಟಿ ಕುಸ್ತಿಗೆ ಕರೆದ. ಕವಡೆ ಎಸೆದರೆ ಎಲ್ಲವೂ ಕವುಚಿ ಬಿದ್ದವು. ಭೂತ ಅವನನ್ನು ಎತ್ತಿ ಕಂದಕಕ್ಕೆ ಒಗೆಯಿತು.

ಗೋವಿಂದಯ್ಯನವರು ಎದ್ದು, ಗಿರಣಿಯ ನಲ್ಲಿಯ ಕೆಳಗೆ ಕೂತು, ಉಟ್ಟ ಪಂಚೆಯಲ್ಲೇ ತಲೆಗೆ ನೀರು ಸುರಿದುಕೊಂಡರು.

"ಏನ್ರೀ ಇದು?" ಎಂದರು ಮೌಲಾ ಸಾಬರು.

"ಸೂತಕ. ಹನ್ನೊಂದು ದಿನ ನಾನು ಹಾಸು ಮುಟ್ಟಲ್ಲ."

"ದಿನ ಕಳೀಬೇಕಾದ್ರೆ ರಾತ್ರಿ ಆಗ್ಬೇಕಲ್ರೀ!"

"ಆಗ್ಲಿ."

"ರಾತ್ರಿ ಆಗ್ಬೇಕಾದ್ರೆ ನೀವು ಕೂರ್ಬೇಕಲ್ರೀ!" ಎಂದು ಚೆನ್ನಾಜಮ್ಮ ತಲೆ ಚಚ್ಚಿಕೊಂಡಳು.

ಗೋವಿಂದಯ್ಯನವರ ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಅದೆಲ್ಲ ನನಗೆ ಗೊತ್ತಿಲ್ಲ. ಸಾಕಿದೋನು ನಾನು" ಎಂದು ಜಗಲಿಯ ಕಂಬಕ್ಕೆ ಒರಗಿ ಮುಖ ತಿರುಗಿಸಿ ಕೂತರು. ಉಳಿದ ಇಬ್ಬರು, ಸೋಡಾ ಅಂಗಡಿಯ ಅಣ್ಣತಮ್ಮಂದಿರು, ಸಾವಿಗೆ ಕಾರಣ ನೀನು ನೀನು ಎಂದು ಜಗಳ ಹಚ್ಚಿಕೊಂಡರು. ಐದನೆಯ ಮಣೆ ಖಾಲಿ. ಐವರಿಲ್ಲದೆ ಆಟವಿಲ್ಲ. ಸೂರ್ಯ ಟ್ಯಾಂಕಿನ ಮೇಲೆ ಕಾಲು ಇಳಿಬಿಟ್ಟುಕೊಂಡು ಕೂತೇ ಇದ್ದ.

ಮೊದಲನೆಯ ಪಂಕ್ತಿಯ ಇಡ್ಲಿ ಮುಗಿಯಿತು. ಎರಡನೆಯದೂ ಮುಗಿಯಿತು. ಮರುಸಂಜೆಯ ಅವಲಕ್ಕಿ ಆಯಿತು. ಬೀಗರಿಗೆ ಮೊದಲು ತಮಾಷೆಯಾಗಿ ಕಂಡದ್ದು ಬರಬರುತ್ತ ತಮಾಷೆಯಾಗಿ ಉಳಿಯಲಿಲ್ಲ. ವರ ಗಿರಿಧರ ಬರುವಾಗ ನುಣ್ಣಗೆ ಇದ್ದವನು, ಈಗ ಅವನ ಗಲ್ಲದ ಮೇಲೆ ಗಡ್ಡ ಚಿಗುರುತ್ತಿತ್ತು. ಬಾಸಿಂಗಕ್ಕೆ ತಂದ ಮೊಗ್ಗೆಲ್ಲ ಅರಳಿ ಬಾಡತೊಡಗಿತ್ತು. ಗಿರಿಧರನ ಸೋದರತ್ತೆ ಪುಟ್ಟತಾಯಮ್ಮನವರು, ಹಿರಿತನ ಮಾಡಲು ಬಂದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಪ್ಪನ ಎದುರಿಗೆ ನಿಂತರು.

"ಏನ್ ಬೀಗರೇ, ನಾಳೆ ಅನ್ನೋದೇ ಇಲ್ಲದ ಊರಿಂದ ಹೆಣ್ಣು ತರೋಕೆ ಬಂದಿದ್ದೀವಾ ನಾವು?"

"ಆಗುತ್ತೆ ತಾಯಿ, ಆಗುತ್ತೆ. ಒಬ್ಬರು ಕೂತ್ರೆ ಸಾಕು..."

"ಒಬ್ಬರು ತಾನೆ? ಸರೀರಿ, ನಾನೇ ಕೂರ್ತೀನಿ."

ಊರು ಕೈ ಮುಗಿಯುವ ಮೊದಲೇ ಆಕೆ ಹೋಗಿ ಮಣೆಯ ಮೇಲೆ ಕೂತುಬಿಟ್ಟರು. ರಾಚಪ್ಪನವರು ನಿಟ್ಟುಸಿರು ಬಿಟ್ಟು ದಪ್ಪ ಪುಸ್ತಕದ ಮೇಲಿನ ಹಿಟ್ಟು ಊದಿದರು. ಪುಟ್ಟತಾಯಮ್ಮ ಜಗ್ಗುವವರಲ್ಲ. ಏಳು ತಲೆಮಾರನ್ನು ಏಳು ಚಿಟಿಕೆಯಲ್ಲಿ ಹೇಳಿದರು. ನಕ್ಷತ್ರ ಹೇಳಿದರು. ಚಪ್ಪಲಿ ಹೇಳಿದರು. ವಿದ್ಯೆಗಳ ಕವಡೆಗೆ ಬಂದಾಗ ನಮ್ಮ ಮನೆಯಲ್ಲಿ ಮತ್ತೊಂದು ಸಲ ಇಡ್ಲಿಗೆ ರುಬ್ಬತೊಡಗಿದ್ದರು. ಬಿಲ್ಲು ಆಯಿತು, ಕತ್ತಿ ಆಯಿತು, ಈಟಿ, ಗದೆ, ಕವಣೆ ಆಯಿತು. "ಇನ್ನೆಷ್ಟು ಇದೆ?" ಎಂದು ಕೇಳಿದರು. ರಾಚಪ್ಪನವರು ಪುಟ ತಿರುವಿ, "ಇನ್ನು ಕುದುರೆ" ಅಂದರು. ಪುಟ್ಟತಾಯಮ್ಮ ಕಣ್ಣು ಮುಚ್ಚಿ ತೆಗೆದು, ಚಪ್ಪರದ ಕಡೆ ತಿರುಗಿ ಕೂಗಿದರು. "ಲೋ, ಡ್ರೈವರಿಗೆ ಹೇಳ್ರೋ. ಬಸ್ಸು ಸ್ಟಾರ್ಟ್ ಮಾಡಲಿ."

ನಾನು ಇಷ್ಟು ಹೊತ್ತೂ ಚಟ್ನಿ ಬಡಿಸುತ್ತಿದ್ದೆ. ಬಡಿಸುವುದು ನನಗೆ ಇಷ್ಟದ ಕೆಲಸ. ಬಕೆಟ್ಟು ಹಿಡಿದವರನ್ನು ಯಾರೂ ಮಾತಾಡಿಸುವುದಿಲ್ಲ, ಎಲೆ ನೋಡುತ್ತಾರೆ. ಬಸ್ಸಿನ ಮಾತು ಕಿವಿಗೆ ಬಿದ್ದದ್ದೇ ಒಳಗೆ ಓಡಿದೆ. ಅಕ್ಕ ಅರಿಶಿನ ಹಚ್ಚಿಕೊಂಡು ಕೋಣೆಯಲ್ಲಿ ಕೂತಿದ್ದಳು. ಕಿಟಕಿಯಿಂದ ಅವಳಿಗೂ ಕೇಳಿಸಿತ್ತು.

"ಅವರು ಬಸ್ಸು ಹತ್ತಿದ್ರೆ ಮತ್ತೆ ಬರಲ್ಲ ಕಣೇ ಮಂದಾ" ಅಂದಳು. ಅಕ್ಕ ಅಳುವವಳಲ್ಲ. ಆದರೆ ಅವಳ ಮುಖದ ಅರಿಶಿನ ಎರಡು ಕಡೆ ಗೆರೆ ಗೆರೆಯಾಗಿತ್ತು. ಅವಳಿಗೆ ಗಿರಿಧರ ಇಷ್ಟ. ಹೆಣ್ಣು ನೋಡಲು ಬಂದಾಗ ಅವನು ಉಪ್ಪಿಟ್ಟಿನ ಮೆಣಸಿನಕಾಯಿ ಕಚ್ಚಿ ಕಣ್ಣೀರು ಸುರಿಸುತ್ತಲೇ ತಟ್ಟೆ ಖಾಲಿ ಮಾಡಿದ್ದ. ಆ ಉಪ್ಪಿಟ್ಟು ಅಕ್ಕನೇ ಮಾಡಿದ್ದು.

"ಹೋಗಿ ನಿನ್ನ ಮೂರು ಪ್ರಶ್ನೆ ಹೇಳೇ" ಅಂದಳು.

"ನಾನಾ? ಅಷ್ಟು ಜನರ ಮುಂದೆ?"

"ಮತ್ತೆ ನಾನು ಹೋಗ್ಲಾ? ಅರಿಶಿನ ಹಚ್ಚಿಕೊಂಡೋಳು ಹೊಸಿಲು ದಾಟಿದ್ರೆ ಅಜ್ಜಿ ಬಿಡ್ತಾಳಾ?"

ಮೂಲೆಯಲ್ಲಿದ್ದ ಅಜ್ಜಿ, "ನಾನೇ ಹೋಗ್ತಿದ್ದೆ. ಆದ್ರೆ ನನಗೆ ಸುಮ್ಮನಿರೋಕೆ ಬರಲ್ಲ, ಆ ಗೋವಿಂದಯ್ಯನಿಗೆ ಏನಾದ್ರೂ ಅಂದ್ಬಿಡ್ತೀನಿ" ಎಂದಳು. ಆಮೇಲೆ ನನ್ನ ಕೈಯ ಬಕೆಟ್ಟು ನೋಡಿದಳು. "ಚಟ್ನಿ ಬಡಿಸೋ ಹಾಗೆ ಹೋಗು. ಯಾರು ಕೇಳ್ತಾರೆ?"

ಹಾಗೆಯೇ ಹೋದೆ. ಬೀದಿ ದಾಟಿ ಜಗಲಿ ಹತ್ತಿ, ಬಕೆಟ್ಟನ್ನು ಗುರಾಣಿಯ ಹಾಗೆ ಮುಂದೆ ಹಿಡಿದು, ಪುಟ್ಟತಾಯಮ್ಮನ ಕಿವಿಯ ಹತ್ತಿರ ಬಗ್ಗಿದೆ. ಆಕೆ ತಟ್ಟೆ ಹುಡುಕುವವರ ಹಾಗೆ ಅತ್ತಿತ್ತ ನೋಡಿದರು. ನಾನು ಮೂರು ಪ್ರಶ್ನೆಯನ್ನೂ ಪಿಸುಗುಟ್ಟಿದೆ. ಇಷ್ಟಿದ್ದರೆ ಸಾಕು, ನಮ್ಮನೆಯಲ್ಲಿ ಆಡಿ ನೋಡಿದ್ದೇವೆ ಅಂದೆ. ಪುಟ್ಟತಾಯಮ್ಮನ ದನಿಗೆ ಪಿಸುಮಾತು ಗೊತ್ತಿಲ್ಲ.

"ಏನೂ? ಏನು ಬರುತ್ತೆ, ಏನು ಬರಲ್ಲ, ಕೈಯಲ್ಲಿ ಏನಿದೆ? ಇಷ್ಟೇನಾ? ಕುದುರೆ ಬೇಡ್ವಾ?"

ಚಪ್ಪರಕ್ಕೆ ಚಪ್ಪರವೇ ಇತ್ತ ತಿರುಗಿತು. ನನಗೆ ಆ ಬಕೆಟ್ಟಿನೊಳಗೆ ಇಳಿದು ಮುಚ್ಚಳ ಹಾಕಿಕೊಳ್ಳಬೇಕೆನಿಸಿತು.

"ಏಳು ತಲೆಮಾರು ಇಲ್ಲದ ಆಳು ಅದೆಂಥ ಆಳು?" ಎಂದ ಸೋಡಾ ಅಂಗಡಿಯ ಅಣ್ಣ. "ಬೇರಿಲ್ಲದ ಗಿಡ ನಿಲ್ಲುತ್ತಾ?"

"ಕೊತ್ತಂಬರಿ ಕಟ್ಟು ನಿಲ್ಲಲ್ವಾ ಲೋಟದಲ್ಲಿ?" ಎಂದ ತಮ್ಮ. ಅಣ್ಣ ಹೂಂ ಅಂದದ್ದಕ್ಕೆ ಅವನು ಎಂದೂ ಹೂಂ ಅಂದವನಲ್ಲ.

ರಾಚಪ್ಪನವರು ಪುಸ್ತಕವನ್ನು ಹಿಂದೆ ಮುಂದೆ ತಿರುವಿದರು. ಅವರ ಹುಬ್ಬಿನಲ್ಲಿ ಯಾವಾಗಲೂ ಹಿಟ್ಟು. ಯೋಚಿಸುವಾಗ ಅದು ಉದುರುತ್ತದೆ. "ಹೀಗೆ ಮಾಡಬಾರದು ಅಂತ ಇದರಲ್ಲಿ ಎಲ್ಲೂ ಇಲ್ಲ. ಹೀಗೂ ಮಾಡಬಹುದು ಅಂತ ನಮಗ್ಯಾರಿಗೂ ಹೊಳೆದಿರಲಿಲ್ಲ, ಅಷ್ಟೆ" ಅಂದರು. "ನಿಲ್ಲುತ್ತೋ ಬಿಡುತ್ತೋ ಹಾಕಿ ನೋಡೋಣ. ಆದ್ರೆ ಅಡುಗೆ ಮಾಡಿದೋಳೇ ಮೊದಲು ರುಚಿ ನೋಡ್ಬೇಕು. ಕೂತ್ಕೋ ಮಗಳೇ."

"ನಾನು... ಚಟ್ನಿ..."

"ಕೂತ್ಕೋ ಹುಡುಗಿ, ಕೂತ್ಕೋ" ಎಂದು ಪುಟ್ಟತಾಯಮ್ಮ ಮಂಡಿ ಹಿಡಿದುಕೊಂಡು ಎದ್ದೇಬಿಟ್ಟರು. "ನನ್ನ ಕಾಲು ಆಗಲೇ ಜೋಮು ಹಿಡಿದು ಏಳು ತಲೆಮಾರಾಯ್ತು."

ಹೀಗೆ, ಚಿಕ್ಕಂದಿನಿಂದ ಆಸೆಪಟ್ಟ ಮಣೆಯ ಮೇಲೆ, ಎಲ್ಲಿಗಾದರೂ ಓಡಿಹೋದರೆ ಸಾಕು ಎಂದುಕೊಳ್ಳುತ್ತ ನಾನು ಕೂತೆ. ಬಕೆಟ್ಟು ತೊಡೆಯ ಮೇಲಿತ್ತು.

"ನಿನ್ನ ಆಟದಾಳಿಗೆ ಏನು ಬರುತ್ತೆ?" ರಾಚಪ್ಪನವರು ಕೇಳಿದರು.

ಡೈರಿಯಲ್ಲಿ ನನಗೆ ಎಷ್ಟೊಂದು ಆಟದಾಳುಗಳಿದ್ದರು. ಬಿರುಗಾಳಿಯಲ್ಲಿ ಹಡಗು ನಡೆಸುವವಳು, ಹುಲಿಯ ಜೊತೆ ಚದುರಂಗವಾಡುವವಳು, ಹಾಡಿ ಕಲ್ಲು ಕರಗಿಸುವವಳು. ಆ ಹೊತ್ತಿಗೆ ಒಬ್ಬಳೂ ಬರಲಿಲ್ಲ. ಎಲ್ಲರೂ ಡೈರಿಯೊಳಗೇ ಅವಿತುಕೊಂಡರು, ನನ್ನ ಹಾಗೆಯೇ.

"ಕೇಳಿಸಿಕೊಳ್ಳೋಕೆ ಬರುತ್ತೆ" ಅಂದೆ.

"ಏನು ಬರಲ್ಲ?"

"ಗಟ್ಟಿಯಾಗಿ ಮಾತಾಡೋಕೆ."

"ಏನಂದ್ಲು?" ಎಂದು ಹಿಂದಿನಿಂದ ಯಾರೋ ಕೇಳಿದರು. "ಗಟ್ಟಿಯಾಗಿ ಮಾತಾಡೋಕೆ ಬರಲ್ವಂತೆ" ಎಂದು ಇನ್ಯಾರೋ ಗಟ್ಟಿಯಾಗಿ ಹೇಳಿದರು. ನಗು ಎದ್ದಿತು.

"ಕೈಯಲ್ಲಿ ಏನಿದೆ?"

ನೋಡಿಕೊಂಡೆ. "ಚಟ್ನಿ ಬಕೆಟ್ಟು."

ಈಗಂತೂ ಚಪ್ಪರದ ಕಂಬಗಳೂ ನಕ್ಕವು. "ಲೇ, ಅದು ಆಟದಾಳಲ್ಲ ಕಣ್ರೋ, ಅದು ಮಂದಾನೇ!" ಎಂದು ಸೋಡಾ ಅಂಗಡಿಯ ಅಣ್ಣ ತೊಡೆ ಬಡಿದುಕೊಂಡ. ನನ್ನ ಕಿವಿ ಕಾದ ಹಂಚಾಯಿತು. ಏಳಬೇಕೆಂದು ಮಣೆಗೆ ಕೈ ಊರಿದೆ. ಆಗ ಚೆನ್ನಾಜಮ್ಮ ನನ್ನ ಮಣಿಕಟ್ಟು ಹಿಡಿದಳು. ನನಗೆ ಮೊದಲನೇ ಬಳೆ ತೊಡಿಸಿದಾಗಿನಿಂದಲೂ ಅವಳು ಬಲ್ಲ ಕೈ. "ಇರು. ಟ್ಯಾಂಕು ನೋಡು" ಅಂದಳು.

ಸೂರ್ಯ ಒಂದು ಬೆರಳಿನಷ್ಟು ಕೆಳಗೆ ಇಳಿದಿದ್ದ.

ನಗು ನಿಂತಿತು. ಅಷ್ಟೊಂದು ಹೊತ್ತು ಕೀಲಿಸಿದ ಹಾಗೆ ಕೂತಿದ್ದವನು ಒಂದು ಬೆರಳು ಇಳಿದ ಎಂದರೆ ಒಪ್ಪಿದ ಎಂದೇ ಅರ್ಥ. ಅತ್ತ ಬಸ್ಸಿನ ಡ್ರೈವರು ಇಂಜಿನ್ ಆರಿಸಿ, ಮೆಟ್ಟಿಲ ಮೇಲೆ ಬಂದು ನಿಂತ. ರಾಚಪ್ಪನವರು ದಪ್ಪ ಪುಸ್ತಕ ಮುಚ್ಚಿ, ಅದನ್ನೇ ಮಣೆ ಮಾಡಿಕೊಂಡು ಕೂತರು. "ಸರಿ ಹಾಗಾದ್ರೆ. ಕೋಟೆ ಬಾಗಿಲು. ಬಾಗಿಲಲ್ಲಿ ಭೂತ. ಒಬ್ಬನನ್ನ ಈಗ ತಾನೆ ಕಂದಕಕ್ಕೆ ಒಗೆದು ಕೈ ಒರೆಸಿಕೊಳ್ತಾ ಇದೆ. ಚಟ್ನಿ ಬಕೆಟ್ಟು ಹಿಡಕೊಂಡು ಒಬ್ಬಳು ಬಂದಳು. ಏನು ಮಾಡ್ತಾಳೆ?"

"ಕೇಳಿಸಿಕೊಳ್ತಾಳೆ" ಅಂದೆ.

"ಏನನ್ನ?"

"ಭೂತ ಏನಾದ್ರೂ ಹೇಳ್ತಿರುತ್ತಲ್ಲ, ಒಳಗೊಳಗೇ."

ಇಷ್ಟು ವರ್ಷದಲ್ಲಿ ಭೂತಗಳೊಡನೆ ಎಲ್ಲರೂ ಹೊಡೆದಾಡಿದ್ದರು. ಅವು ಒಳಗೊಳಗೇ ಏನು ಹೇಳುತ್ತವೆಂದು ಕೇಳಿದವರಿಲ್ಲ. ರಾಚಪ್ಪನವರು ಕವಡೆ ಕೊಟ್ಟರು. ಎಸೆದೆ. ಮುಕ್ಕಾಲುಪಾಲು ಅಂಗಾತ ಬಿದ್ದವು. ಹುಬ್ಬಿನ ಹಿಟ್ಟು ಉದುರಿತು. "ಭೂತ ಗೊಣಗ್ತಾ ಇದೆ" ಎಂದರು ನಿಧಾನವಾಗಿ. "ಬಂದೋರೆಲ್ಲ ತೊಡೆ ತಟ್ಟುತಾರೆ, ಬೈತಾರೆ, ಕೂಗ್ತಾರೆ. ಒಬ್ಬರಾದ್ರೂ ನೆಟ್ಟಗೆ ಮಾತಾಡಿಸಿದ್ದಾರಾ? ಅಂತ."

"ಹಾಗಾದ್ರೆ ಅವಳು ಮಾತಾಡಿಸ್ತಾಳೆ."

"ಏನಂತ?"

"ಊಟ ಆಯ್ತಾ, ಅಂತ."

ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ರಾಚಪ್ಪನವರು ಭೂತವಾಗಿ ಮುಂದೆ ಬಗ್ಗಿದರು. "ಏನು? ಏನಂದೆ?"

"ಊಟ ಆಯ್ತಾ" ಅಂದೆ, ಇನ್ನೂ ಸಣ್ಣಗೆ. ಬೇಕೆಂದೇ ಅಂದೆ. ಏನೋ ಹೊಳೆದಿತ್ತು. ರಾಚಪ್ಪನವರು ಇನ್ನಷ್ಟು ಬಗ್ಗಿದರು. ಚೆನ್ನಾಜಮ್ಮ ಬಗ್ಗಿದಳು, ಮೌಲಾ ಸಾಬರು ಕಿವಿಗೆ ಕೈ ಇಟ್ಟು ಬಗ್ಗಿದರು, ಅಣ್ಣತಮ್ಮಂದಿರು ಒಬ್ಬರ ಮೇಲೊಬ್ಬರು ಬಗ್ಗಿದರು. ಕಂಬದ ಹತ್ತಿರ ಒದ್ದೆ ಪಂಚೆಯ ಗೋವಿಂದಯ್ಯನವರ ಕತ್ತೂ ಇತ್ತ ಉದ್ದವಾಯಿತು.

"ನೀವು ಬಗ್ಗಿದ್ದೀರಿ ಗಿರಣಿ ಮಾವ" ಎಂದು ಪಿಸುಗುಟ್ಟಿದೆ. "ಅಂದ್ರೆ ಭೂತ ಬಗ್ಗಿದೆ. ಬೀಗದ ಕೈ ಕೊರಳಲ್ಲಿದೆ. ಕೆಳಗೆ ಬಕೆಟ್ಟಿದೆ."

ರಾಚಪ್ಪನವರು ಕೆಳಗೆ ನೋಡಿದರು. ಗಿರಣಿಯ ಬೀಗದ ಕೈಗೊಂಚಲನ್ನು ಅವರು ಉಡುದಾರದಂಥ ಕರಿ ದಾರದಲ್ಲಿ ಕೊರಳಿಗೆ ಹಾಕಿಕೊಂಡಿರುತ್ತಾರೆ. ಅದು ಜೋತು ಬಿದ್ದು ನನ್ನ ಬಕೆಟ್ಟಿನ ಚಟ್ನಿಯಲ್ಲಿ ಮುಳುಗಿತ್ತು. ತೆಂಗಿನಕಾಯಿ, ಕಡಲೆ, ಹಸಿಮೆಣಸಿನಕಾಯಿ, ಸಾಸಿವೆ ಒಗ್ಗರಣೆ.

ಆಮೇಲೆ ಜಗಲಿ ಕುಸಿಯುವಂಥ ನಗು. ಈ ಸಲದ ನಗು ಮೊದಲಿನ ನಗುವಲ್ಲ, ಅದರಲ್ಲಿ ನನಗೂ ಜಾಗವಿತ್ತು. "ಸಿಕ್ಕಿತು ಬೀಗದ ಕೈ! ವೀರಬಾಹು ಕೈಲಿ ಆಗದ್ದು ಚಟ್ನಿ ಕೈಲಿ ಆಯ್ತು!" ಎಂದು ಪುಟ್ಟತಾಯಮ್ಮ ಚಪ್ಪಾಳೆ ತಟ್ಟಿ, ಬಸ್ಸಿನ ಕಡೆ ತಿರುಗಿ, "ಇಳೀರೋ, ಇಳೀರಿ! ಈ ಹುಡುಗಿ ಅಕ್ಕನ್ನೇ ನಾವು ತಗೊಂಡು ಹೋಗೋದು!" ಎಂದು ಕೂಗಿದರು. ಸೂರ್ಯ ಇನ್ನೊಂದು ಬೆರಳು ಇಳಿದ. ಗೋವಿಂದಯ್ಯನವರು ಕಂಬ ಬಿಟ್ಟು ಸರಿಯುತ್ತ ಸರಿಯುತ್ತ ಹಾಸಿನ ಅಂಚಿಗೆ ಬಂದಿದ್ದರು.

"ಮಗು, ಆ ಮೂರು ಪ್ರಶ್ನೆ... ಮುಂದಿನ ವಾರ ನನ್ನನ್ನೂ ಕೇಳ್ತೀಯಾ?"

"ಸೂತಕ?" ಎಂದಳು ಚೆನ್ನಾಜಮ್ಮ.

"ಮೂರು ಪ್ರಶ್ನೆಗೆ ಮೂರು ದಿನ ಸಾಕು."

ರಾಚಪ್ಪನವರು ಕೈಗೊಂಚಲನ್ನು ಪಂಚೆಗೆ ಒರೆಸಿ, ಬೆರಳು ನೆಕ್ಕಿ, "ಉಪ್ಪು ಸರಿಯಾಗಿದೆ" ಅಂದು, ಕವಡೆಗಳನ್ನು ನನ್ನ ಅಂಗೈಗೆ ಸುರಿದರು. "ತುಕ್ಕು ಹಿಡಿದ ಬೀಗ. ತಿರುಗಿದ್ರೆ ಬಾಗಿಲು ತೆರೀತು, ಕಥೆ ಮುಗೀತು. ಎಲ್ಲಾ ಕವುಚಿ ಬಿದ್ರೆ ನೀನೂ ಕಂದಕಕ್ಕೆ. ಎಸಿ ಮಗಳೇ."

ಕವಡೆಗಳು ಬೆಚ್ಚಗಿದ್ದವು. ಎಷ್ಟು ಜನರ ಕೈ ಆಡಿ ನುಣುಪಾದವೋ, ಸಂದಿಗಳಲ್ಲಿ ಹಿಟ್ಟು ಕೂತಿತ್ತು. ಇವನ್ನು ಎಸೆದರೆ ಹಾಸು ಮಡಚುತ್ತಾರೆ, ಕತ್ತಲಾಗುತ್ತದೆ, ಬೆಳಗಾಗುತ್ತದೆ, ಅಕ್ಕ ಹೋಗುತ್ತಾಳೆ. ಅವಳು ಹೋಗಲೆಂದೇ ತಾನೆ ಇಷ್ಟೆಲ್ಲ ಮಾಡಿದ್ದು. ಆದರೂ ಎಸೆಯಲು ಮನಸ್ಸಾಗಲಿಲ್ಲ. ಹಳದಿ ಬಿಸಿಲಲ್ಲಿ ಇಡೀ ಬೀದಿ ನನ್ನ ಕಡೆ ಬಗ್ಗಿ ನಿಂತಿತ್ತು. ಇಷ್ಟು ವರ್ಷ ಈ ಸಂಜೆಗಳು ಉದ್ದವಾದವೆಂದು ಅವಲಕ್ಕಿ ಒಗ್ಗರಣೆ ಹಾಕಿದವಳು ನಾನು. ಈಗ ಇದು ಎಷ್ಟು ಗಿಡ್ಡ ಎನಿಸಿತು.

"ಕೋಟೆಯೊಳಗೆ ಯಾರಿದ್ದಾರೆ ಮಾವ?" ಎಂದು ಕೇಳಿದೆ.

"ತೆಗೆದು ನೋಡು."

"ಅಂಗಳ ಇದೆಯಾ? ಅಂಗಳದಲ್ಲಿ ಬಾವಿ ಇದ್ರೆ..."

ಎದುರು ಮನೆಯ ಕಿಟಕಿಯಿಂದ ಅಕ್ಕನ ದನಿ ಸಿಡಿಯಿತು. "ಮಂದಾ! ಎಸೆಯೇ! ನನ್ನ ಮದುವೆ ಇದೆ!"

"ಸ್ವಲ್ಪ ತಡ್ಕೊಳೇ!" ಎಂದು ನಾನು ಕೂಗಿದೆ.

ಆ ಕೂಗು ಟ್ಯಾಂಕಿಗೆ ಬಡಿದು ವಾಪಸು ಬಂತು. ಜಗಲಿಯವರು, ಚಪ್ಪರದವರು, ಸ್ವಿಚ್ಚಿನ ಪಕ್ಕದ ಸ್ಟೂಲಿನವನು, ಬಾಗಿಲಿಗೆ ಬಂದಿದ್ದ ಅಮ್ಮ, ಎಲ್ಲರೂ ನನ್ನನ್ನೇ ನೋಡಿದರು. ಅಜ್ಜಿಯೊಬ್ಬಳೇ ಒಳಗಿಂದ, "ಹಾಗನ್ನು!" ಅಂದಳು.

ರಾಚಪ್ಪನವರು ಹುಬ್ಬೇರಿಸಿದರು. "ಗಟ್ಟಿಯಾಗಿ ಮಾತಾಡೋಕೆ ಬರಲ್ಲ ಅಂದಿದ್ದೆ?"

"ಅದು ಅವಳಿಗೆ ಬರಲ್ಲ ಮಾವ" ಅಂದೆ. "ನನ್ನ ಆಟದಾಳಿಗೆ."

ಮುಷ್ಟಿಯನ್ನು ಇನ್ನೂ ಒಂದೇ ಒಂದು ಗಳಿಗೆ ಮುಚ್ಚಿಟ್ಟುಕೊಂಡಿದ್ದು, ಆಮೇಲೆ ಎಸೆದೆ. ಕವಡೆಗಳು ಹಾಸಿನ ಮೇಲೆ ಇನ್ನೂ ಉರುಳುತ್ತಿರುವಾಗಲೇ, ಬೀದಿಯ ಆ ತುದಿಯಿಂದ ಈ ತುದಿಯವರೆಗಿನ ಕೋಳಿಗಳೆಲ್ಲ ಗೂಡಿನ ಕಡೆ ಓಡತೊಡಗಿದವು.